ಅಕ್ಕನ ಮದುವೆಯ ಡಿಸ್ಕ್

ನನ್ನ ಭಾವ ಸಿರುಗುಪ್ಪದಿಂದ ತಂದುಕೊಟ್ಟ ಡಿಸ್ಕ್ ಖಾಲಿ ಇರಲಿಲ್ಲ. ಖಾಲಿ ಇದೆ ಎಂದು ಅವ್ವನಿಗೆ ಹೇಳಿದವಳು ನಾನು. ಅದರಲ್ಲಿ ತೀರಿಹೋದ ನನ್ನ ಅಕ್ಕನ ಮದುವೆ ಇತ್ತು — ಅವಳ ನಡಿಗೆ, ಅವಳ ನಗು, ಒಂದೇ ಒಂದು ಕಡೆ ಅವಳ ಧ್ವನಿ. ಅದನ್ನು ಒಡೆದವಳೂ ನಾನೇ. ಒಡೆದದ್ದು ಗೊತ್ತಾಗಬಾರದೆಂದು ಹೊಸ ಖಾಲಿ ಡಿಸ್ಕೊಂದನ್ನು ಅದೇ ಕವರಿನೊಳಗಿಟ್ಟವಳೂ ನಾನೇ. ಇಷ್ಟು ಬರೆದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ನಮ್ಮದು ಬಳ್ಳಾರಿಯಲ್ಲಿ ಹತ್ತಿ ಹಿಂಜಿ ಗಾದಿ ಮಾಡುವ ಮನೆ. ಗಣಿಯ ದುಡ್ಡು ಊರಿಗೆ ಹರಿದು ಬಂದ ವರ್ಷಗಳಲ್ಲಿ, ಅದಿರು ಕೊಳ್ಳಲು ಎಲ್ಲೆಲ್ಲಿಂದಲೋ ಜನ ಬಂದರು. ಅವರಿಗಾಗಿ ಲಾಡ್ಜುಗಳು ಎದ್ದವು. ಲಾಡ್ಜುಗಳಿಗೆ ಗಾದಿಗಳು ಬೇಕಾದವು. ಅಂಗಡಿಯ ಮುಂದೆ ಹರವಿದ ಹತ್ತಿಯ ಮೇಲೆ ಲಾರಿಗಳ ಕೆಂಪು ಧೂಳು ಕೂರುತ್ತಿತ್ತು; ಅಪ್ಪ ಕೊಡವಿ ಮತ್ತೆ ಹರವುತ್ತಿದ್ದರು. "ಮಣ್ಣು ಕೊಳ್ಳೋರಿಗೂ ನಿದ್ದಿ ಬರಬೇಕಲ್ಲವ್ವ, ಅದಕ್ಕ ನಾವು ಅದೀವಿ" ಎಂದು ನಗುತ್ತಿದ್ದರು. ಆ ನಗುವಿನ ಕಾಲದಲ್ಲೇ ಅಕ್ಕನ ಮದುವೆಯಾದದ್ದು, ನಾನು ಕಾಲೇಜು ಸೇರಿದ್ದು, ಅಕ್ಕ ಸತ್ತದ್ದು.

ಅಕ್ಕನ ಹೆಸರು ಮಾಬೂಬಿ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಖಾಜಾಸಾಬರಿಗೆ ಕೊಟ್ಟಿದ್ದೆವು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಉಳಿದದ್ದು ಒಂದು ಹೆಣ್ಣು ಕೂಸು — ರೇಷ್ಮಾ. ವರ್ಷ ತುಂಬುವ ಮೊದಲೇ ಭಾವ ಕುರುಗೋಡಿನ ಶಂಶಾದ್ ಎಂಬವಳನ್ನು ಮದುವೆಯಾದರು. ಕೂಸನ್ನು ಸಾಕಲು ಒಂದು ಕೈ ಬೇಕಿತ್ತು. ಅವ್ವನಿಗೂ ಅದು ತಿಳಿಯುತ್ತಿತ್ತು. ತಿಳಿದರೂ — ತಿಳಿಯುವುದು ಬೇರೆ, ಒಪ್ಪುವುದು ಬೇರೆ. ಹಬ್ಬಕ್ಕೆ ಭಾವ ಕೂಸನ್ನು ಎತ್ತಿಕೊಂಡು ಬರುತ್ತಿದ್ದರು. ಅವ್ವ ಅಳಿಯನ ಮುಖ ನೋಡದೆ ಕೂಸನ್ನು ಮಾತ್ರ ಕೈಗೆ ತೆಗೆದುಕೊಳ್ಳುತ್ತಿದ್ದಳು. ಆದರೂ ಬಾಗಿಲು ತೆರೆದಿತ್ತು. ಅದನ್ನು ನೆನಪಿಟ್ಟುಕೊಳ್ಳಿ. ಬಾಗಿಲು ತೆರೆದೇ ಇತ್ತು.

ಮದುವೆಯ ಡಿಸ್ಕ್ ಒಂದೇ ಇತ್ತು. ಅದು ಗಂಡಿನ ಮನೆಗೆ ಹೋಗಿತ್ತು. ನಮಗೆ ಫೋಟೋ ಆಲ್ಬಂ ಬಂದಿತ್ತು. ಆ ವಿಡಿಯೋದವನು ಉದ್ದಕ್ಕೂ ಸಿನಿಮಾ ಹಾಡು ಹಾಕಿದ್ದನಂತೆ, ಯಾರ ಮಾತೂ ಕೇಳದಂತೆ. ಒಂದು ಕಡೆ ಮಾತ್ರ ಹಾಗೇ ಬಿಟ್ಟಿದ್ದ: ಹೆಂಗಸರೆಲ್ಲ ಸುತ್ತುಗಟ್ಟಿ ಮದುಮಗಳಿಂದ ಗಂಡನ ಹೆಸರು ಹೇಳಿಸುವ ಕಡೆ. ನಮ್ಮಲ್ಲಿ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಹೇಳಬೇಕು. ಬೇರೆಯವರು ತಾಯಿಯಿಂದಲೋ ಅತ್ತಿಗೆಯಿಂದಲೋ ಕಲಿತ ಒಡಪು ಹೇಳುತ್ತಾರೆ. ಅಕ್ಕ ತಾನೇ ಕಟ್ಟಿದ್ದಳು. "ಹತ್ತಿ ಹಿಂಜೋ ಮನಿಯಾಗ ಹುಟ್ಟೀನಿ, ಭತ್ತ ಬೆಳಿಯೋ ಊರಿಗೆ ಹೊಂಟೀನಿ" — ಇಷ್ಟು ಎಲ್ಲರಿಗೂ ನೆನಪಿತ್ತು. ಮುಂದಿನದು ನಗುವಿನಲ್ಲಿ ಮುಳುಗಿಹೋಗಿತ್ತು. ಅವ್ವ ಆಗ ಊಟ ಬಡಿಸುವ ಗಡಿಬಿಡಿಯಲ್ಲಿದ್ದಳು. ನಾನು ಪರೀಕ್ಷೆಯ ನೆಪ ಮಾಡಿ ಒಳಕೋಣೆಯಲ್ಲಿದ್ದೆ. ಗುಂಪಿನ ನಡುವೆ ಕೂರುವುದು ನನಗೆ ಯಾವತ್ತೂ ಆಗುತ್ತಿರಲಿಲ್ಲ.

ಅಕ್ಕ ಹೋಗಿ ಎರಡು ವರ್ಷದ ಮೇಲೆ ಅವ್ವ ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು, "ಆಮ್ಯಾಲೆ ಏನಂದ್ಲು ಅಕಿ? ಭತ್ತ ಬೆಳಿಯೋ ಊರಿಗೆ ಹೊಂಟೀನಿ ಅಂದು, ಆಮ್ಯಾಲೆ?" ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವುದೂ ಅಕ್ಕನದಲ್ಲ ಎಂದು ಅವ್ವನಿಗೆ ಗೊತ್ತಾಗುತ್ತಿತ್ತು. ಆ ಡಿಸ್ಕ್ ನೋಡಬೇಕೆಂದು ಭಾವನಿಗೆ ಹೇಳಿ ಕಳಿಸಿದಳು. ಅಳಿಯನಿಗೆ ಅವಳು ತಾನಾಗಿ ಹೇಳಿಕಳಿಸಿದ ಮೊದಲ ಮಾತು ಅದು.

ಅದೇ ಹೊತ್ತಿಗೆ ಅಪ್ಪ ನನ್ನ ಓದಿಗೆಂದು ಕಂಪ್ಯೂಟರ್ ಕೊಡಿಸಲು ಹೊರಟಿದ್ದರು. ಅವ್ವನೂ ಬಂದಳು. ಅಂಗಡಿಯವನು ಬಿಡಿಭಾಗಗಳನ್ನು ಟೇಬಲ್ಲಿನ ಮೇಲೆ ಜೋಡಿಸಿಟ್ಟು, ಕೊನೆಗೆ ಕೇಳಿದ, "ಎರಡರಾಗ ಒಂದು ಹೇಳ್ರಿ ಮೇಡಂ. ಇದರೊಳಗ ಡಿವಿಡಿ ಡ್ರೈವ್ ಹಾಕಲಾ, ಇಲ್ಲಾ ಅದರ ಬದ್ಲಿ ಟಿವಿಗೆ ಹಚ್ಚೋ ಪ್ಲೇಯರ್ ಕೊಡಲಾ?"

ಅವ್ವ ಅಷ್ಟರಲ್ಲೇ ಪ್ಲೇಯರಿನ ರಿಮೋಟ್ ಕೈಗೆತ್ತಿಕೊಂಡಿದ್ದಳು.

"ಇದು ನನಗ ಬರತೈತಿ" ಎಂದಳು. "ಫಾತಿಮಾಬಿ ಮನ್ಯಾಗ ನೋಡೀನಿ. ಹಾಕೋದು, ಒತ್ತೋದು. ಅಷ್ಟ."

"ಪ್ಲೇಯರ್ ಅಂದ್ರ ಸಿನಿಮಾ ನೋಡೋದೊಂದೇ ಕೆಲಸ ಅವ್ವ. ಡ್ರೈವ್ ಇದ್ರ ನನ್ನ ಓದಿಗೂ ಆತು, ನಿನ್ನ ಸಿನಿಮಾಕ್ಕೂ ಆತು."

"ನೀ ಇಲ್ಲದಾಗ?"

"ನಾ ಎಲ್ಲಿ ಹೋಗ್ತೀನಿ? ಇರ್ತೀನಲ್ಲ."

ಅಪ್ಪ ನಕ್ಕರು. "ಓದಿದಾಕಿ ಹೇಳಾಕತ್ಯಾಳ, ಬಿಡು." ಅವ್ವ ರಿಮೋಟನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೆಯೇ ಇಟ್ಟಳು.

ನನ್ನ ಓದಿಗೆ ಡ್ರೈವ್ ಬೇಕಿರಲಿಲ್ಲ. ಕಾಲೇಜಿನಿಂದ ತರುವುದನ್ನೆಲ್ಲ ಪೆನ್ ಡ್ರೈವಿನಲ್ಲಿ ತರುತ್ತಿದ್ದೆ. ನನಗೆ ಬೇಕಿದ್ದದ್ದು ಬೇರೆ — ನನ್ನೊಬ್ಬಳಿಗೇ ಒಂದು ಪರದೆ. ನಮ್ಮ ಟಿವಿಯ ಮುಂದೆ ಗಾದಿಯ ಗವಸಣಿಗೆ ಹೊಲಿಯುವ ಹೆಂಗಸರು, ನೆಂಟರು, ಓಣಿಯ ಮಕ್ಕಳು. ನಾಯಕಿ ಅತ್ತರೆ ಎಲ್ಲರೂ ಸೇರಿ ಅಳಬೇಕು. ನನಗೆ ಗೋಡೆಯ ಕಡೆ ಮುಖ ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನನ್ನ ಸಿನಿಮಾ ನಾನೇ ನೋಡಬೇಕಿತ್ತು. ಇದು ದೊಡ್ಡ ಆಸೆಯಲ್ಲ. ಆದರೆ ಹೀಗೆ ಎಂದು ಬಾಯಿಬಿಟ್ಟು ಹೇಳುವ ಬದಲು ಓದಿನ ಹೆಸರು ಹೇಳಿದೆ. ಮುಂದಿನದೆಲ್ಲ ಅಲ್ಲಿಂದ ಶುರುವಾಯಿತು.

ಭಾವ ಡಿಸ್ಕನ್ನು ಕವರಿನೊಳಗಿಟ್ಟು, ಕವರನ್ನು ಬಟ್ಟೆಯಲ್ಲಿ ಸುತ್ತಿ ತಂದರು. "ಶಂಶಾದ್ ಕಟ್ಟಿ ಕೊಟ್ಟಾಳ, ನಾ ಬಿಚ್ಚಿಲ್ಲ. ನೋಡಿ ಆದ ಮ್ಯಾಲೆ ಕೊಡ್ರಿ" ಎಂದು ಚಹಾ ಕುಡಿದು ಹೋದರು. ಅವ್ವ ಓಣಿಯ ಹೆಂಗಸರನ್ನು ಕರೆಯಲು ಹೊರಟಳು. ಅವಳ ಹೆಜ್ಜೆಯಲ್ಲಿ ಒಂದು ಸಂಭ್ರಮವಿತ್ತು. ಅಕ್ಕ ಹೋದಮೇಲೆ ಆ ನಡಿಗೆ ನಾನು ನೋಡಿರಲಿಲ್ಲ. ಅವರು ಬರುವಷ್ಟರಲ್ಲಿ ಒಮ್ಮೆ ಹಾಕಿ ನೋಡೋಣವೆಂದು ನಾನು ಕವರು ಬಿಚ್ಚಿದೆ.

ಡಿಸ್ಕಿನ ನಡುವಿನ ತೂತಿನಿಂದ ಹೊರಗೆ ಕೂದಲೆಳೆಯಂಥ ಒಂದು ಬಿರುಕು ಓಡಿತ್ತು.

ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು, ಬಹಳ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ ಕೂಡ. ಆದರೆ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ನೋಡಿದ್ದೆ. ಬಿರುಕು ಬಿಟ್ಟ ಡಿಸ್ಕುಗಳನ್ನು ಡ್ರೈವಿಗೆ ಹಾಕಬಾರದೆಂದು ನಮ್ಮ ಕಾಲೇಜಿನ ಲ್ಯಾಬಿನ ಬಾಗಿಲ ಮೇಲೇ ಅಂಟಿಸಿದ್ದರು. ಯಾಕೆ ಎಂಬುದೂ ನನಗೆ ಗೊತ್ತಿತ್ತು: ಟಿವಿಯ ಪ್ಲೇಯರಿನಲ್ಲಿ ಡಿಸ್ಕ್ ನಿಧಾನವಾಗಿ ತಿರುಗುತ್ತದೆ, ಬಿರುಕಿದ್ದರೂ ತಡೆಯುತ್ತದೆ. ಕಂಪ್ಯೂಟರಿನ ಡ್ರೈವು ಅದರ ಎಷ್ಟೋ ಪಟ್ಟು ವೇಗದಲ್ಲಿ ತಿರುಗಿಸುತ್ತದೆ. ಎರಡು ಮನೆ ಆಚೆ ಫಾತಿಮಾಬಿಯ ಪ್ಲೇಯರ್ ಇತ್ತು. ಅಲ್ಲಿಗೆ ಒಯ್ದಿದ್ದರೆ ಮುಗಿಯುತ್ತಿತ್ತು. ಒಯ್ದಿದ್ದರೆ ಅವ್ವ, "ಹಂಗಾದ್ರ ಪ್ಲೇಯರ್ರೇ ತಗೋಬೇಕಿತ್ತಲ್ಲ" ಎನ್ನುತ್ತಿದ್ದಳು. ಅಷ್ಟೇ. ಅದೊಂದು ಮಾತು ಕೇಳಬಾರದೆಂದು ನಾನು ಟ್ರೇ ಒಳಗೆ ತಳ್ಳಿದೆ.

ಡ್ರೈವು ಗುಂಯ್ ಎಂದಿತು, ಸದ್ದು ಏರಿತು, ಇನ್ನೂ ಏರಿತು — ಆಮೇಲೆ ಕಲ್ಲಿಗೆ ಬಳೆ ಬಡಿದಂಥ ಸಪ್ಪಳ. ಎಲ್ಲ ನಿಂತುಹೋಯಿತು. ಟ್ರೇ ಅರ್ಧ ಬಂದು ಸಿಕ್ಕಿಕೊಂಡಿತು. ಎಳೆದೆ. ಬೆಳ್ಳಿಯ ಬಣ್ಣದ ಚೂರುಗಳು ತೊಡೆಯ ಮೇಲೆ ಉದುರಿದವು. ಒಂದೊಂದರಲ್ಲೂ ಕಿಟಕಿಯ ಬೆಳಕು. ಅಕ್ಕನ ಮುಖ ಯಾವುದರಲ್ಲಿದೆ ಎಂದು ಹುಚ್ಚಿಯ ಹಾಗೆ ಹುಡುಕಿದೆ — ಹಾಗೆ ಕಾಣುವುದಿಲ್ಲ ಎಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು?

ಓಣಿಯಲ್ಲಿ ಹೆಂಗಸರ ದನಿ ಕೇಳಿತು. ಚೂರುಗಳನ್ನು ಓಢಣಿಯಲ್ಲಿ ಬಾಚಿ ಅಪ್ಪನ ಹತ್ತಿಯ ಕಸದ ಚೀಲಕ್ಕೆ ಸುರಿದೆ. ಕಂಪ್ಯೂಟರಿನ ಜೊತೆ ಬಂದಿದ್ದ ಖಾಲಿ ಡಿಸ್ಕುಗಳಲ್ಲಿ ಒಂದನ್ನು ಟ್ರೇಯ ಮೇಲಿಟ್ಟು ತಳ್ಳಿದೆ. ಒಳಗೆ ಡ್ರೈವಿನ ಕಣ್ಣೂ ಒಡೆದಿತ್ತು. ಇನ್ನು ಅದು ಯಾವ ಡಿಸ್ಕನ್ನೂ ಓದುವಂತಿರಲಿಲ್ಲ.

"ಏನವ್ವ, ಟಾಕೀಸ್ ಇಟ್ಟಿ ಅಂತಲ್ಲ, ಟಿಕೀಟು ಎಷ್ಟು?" ಎನ್ನುತ್ತ ಫಾತಿಮಾಬಿ ಎಲ್ಲರಿಗಿಂತ ಮುಂದೆ ಬಂದು ಕೂತಳು. ಅವ್ವ ಪರದೆಗೆ ತೀರಾ ಹತ್ತಿರ ಕೂತಳು. ಡಿಸ್ಕ್ ಹಾಕಿ ಎಂದು ಪರದೆ ಕೇಳುತ್ತಿತ್ತು. ಅವ್ವನಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ.

"ಖಾಲಿ ಐತವ್ವ" ಎಂದೆ.

"ಖಾಲಿ ಅಂದ್ರ?"

"ಇದರಾಗ ಏನೂ ಇಲ್ಲ. ಇದು ಬ್ಯಾರೆ ಡಿಸ್ಕು."

ಅವ್ವ ಪರದೆಯಿಂದ ಹಿಂದೆ ಸರಿದು ಕೂತಳು. ಆಮೇಲೆ ಸಣ್ಣ ದನಿಯಲ್ಲಿ, "ಅಕಿ ತೆಗದಿಟ್ಟಾಳ. ಆ ಶಂಶಾದಿ" ಎಂದಳು. ಹೆಂಗಸರು ಹೌದುಹೌದೆಂದರು. ಸವತಿಯ ಮುಖ ಯಾರು ಮನೆಯಲ್ಲಿಟ್ಟುಕೊಂಡಾರು? ಫಾತಿಮಾಬಿ ಗಲ್ಲಕ್ಕೆ ಬೆರಳಿಟ್ಟಳು. ಆ ಹೆಸರು ಹೇಳಿದವಳು ನಾನಲ್ಲ — ಈ ಮಾತನ್ನು ಎಷ್ಟೋ ವರ್ಷ ಹಿಡಿದುಕೊಂಡಿದ್ದೆ. ನಾನು ಸುಮ್ಮನೆ ಟ್ರೇ ತೆಗೆದು, ಡಿಸ್ಕನ್ನು ಒರೆಸಿ, ಕವರಿಗೆ ಹಾಕಿದೆ. ಅಷ್ಟು ನಾಜೂಕಾಗಿ ಒರೆಸಿದೆ.

ಕೊಳಗಲ್ಲಿನಿಂದ ಬಂದಿದ್ದ ಸೋದರಮಾವನ ಕೈಯಲ್ಲಿ ಅವ್ವ ಆ ಖಾಲಿ ಡಿಸ್ಕನ್ನು ಸಿರುಗುಪ್ಪಕ್ಕೆ ವಾಪಸು ಕಳಿಸಿದಳು. ಭಾವ ಅದನ್ನು ನೋಡಿದರು. ಮದುವೆಯ ಡಿಸ್ಕ್ ಅದಲ್ಲವೆಂದು ಅವರಿಗೆ ನೋಡಿದೊಡನೆ ಗೊತ್ತಾಯಿತು. ಕಟ್ಟಿಕೊಟ್ಟವಳು ಶಂಶಾದ್. ನಮ್ಮ ಮೇಲೆ ಅವರಿಗೆ ಅನುಮಾನ ಬರಲಿಲ್ಲ — ಹೆತ್ತ ಮನೆಯವರು ಯಾಕೆ ಹಾಗೆ ಮಾಡುತ್ತಾರೆ? ಆಮೇಲಿನ ಹಬ್ಬಕ್ಕೆ ಅವರು ಕೂಸನ್ನು ಎತ್ತಿಕೊಂಡು ಬಂದಾಗ ಅವ್ವ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ, "ನನ್ನ ಮಗಳನ್ನ ಎರಡು ಸಲ ಸಾಯಿಸಿದ್ರಿ, ಹೋಗ್ರಿ" ಎಂದಳು. ರೇಷ್ಮಾ ಹೊರಗೆ ಬಾಗಿಲು ಬಡಿಯುತ್ತಿದ್ದಳು, ಆಟವೆಂದುಕೊಂಡು ನಗುತ್ತಿದ್ದಳು. ನಾನು ಒಳಗಿದ್ದೆ. ಚಿಲಕಕ್ಕೂ ನನ್ನ ಕೈಗೂ ಎಷ್ಟು ದೂರವಿತ್ತೆಂದು ಈಗಲೂ ತೋರಿಸಬಲ್ಲೆ.

ಭಾವ ಮತ್ತೆ ಬರಲಿಲ್ಲ.

ವರ್ಷಗಳು ಹೋದವು. ಗಣಿಗಳು ನಿಂತವು, ಲಾಡ್ಜುಗಳಿಗೆ ಬೀಗ ಬಿತ್ತು, ಅಪ್ಪನ ಹತ್ತಿ ಹಿಂಜುವ ಯಂತ್ರ ವಾರದಲ್ಲಿ ಯಾವಾಗಲೋ ಒಮ್ಮೆ ತಿರುಗತೊಡಗಿತು. ನನಗೆ ಕುರುಗೋಡಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕುರುಗೋಡು ಶಂಶಾದಳ ತವರೂರು ಎಂಬುದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ ನಿಲ್ದಾಣದಲ್ಲಿ ಯಾವಾಗಲೂ ತಲೆ ತಗ್ಗಿಸಿಯೇ ನಿಲ್ಲುತ್ತಿದ್ದೆ. ಕಳೆದ ತಿಂಗಳು ಯಾರೋ ನನ್ನ ಮೊಣಕೈ ಮುಟ್ಟಿದರು.

"ಮಾಬೂಬಿ ತಂಗಿ ಅಲ್ಲೇನ್ರಿ ನೀವು?"

ಶಂಶಾದ್. ಅವಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೆಳ್ಳಗಿನ ಹೆಂಗಸು. ಪಕ್ಕದಲ್ಲಿ ಅಕ್ಕನ ಹಣೆ, ಅಕ್ಕನ ಹುಬ್ಬು ಹೊತ್ತ ಹುಡುಗಿ, ಕಡಲೆಕಾಯಿ ಸುಲಿಯುತ್ತ ನಿಂತಿದ್ದಳು.

"ಇವರು ನಿನ್ನ ಚಿಕ್ಕವ್ವ, ಸಲಾಂ ಮಾಡು" ಎಂದಳು ಶಂಶಾದ್. ನನ್ನತ್ತ ತಿರುಗಿ ನಕ್ಕಳು. "ಟೀಚರ್ ಆಗೀರಂತ. ಇಕಿಗೂ ಸ್ವಲ್ಪ ಬಡದು ಕಲಿಸ್ರಿ. ಸಾಲಿಗೆ ಹೋಗಂದ್ರ ಹೊಟ್ಟಿ ನೋಯತೈತಿ ಅಂತಾಳ."

"ನಿಜಾನೇ ನೋಯತೈತಿ" ಎಂದಳು ಹುಡುಗಿ.

ಆಮೇಲೆ ಶಂಶಾದ್ ನಗು ನಿಲ್ಲಿಸಿ, ನಾನು ಕೇಳದೆಯೇ ಹೇಳಿದಳು. "ಆ ಡಿಸ್ಕು ನಾ ತೆಗದಿಲ್ರಿ. ಅಲ್ಲಾನ ಆಣಿ. ನನ್ನ ಕೈಯಾರ ಕವರಿಗೆ ಹಾಕೀನಿ. ಇಕಿ ಸಣ್ಣಾಕಿದ್ದಾಗ ಅದನ್ನ ಹಚ್ಚಿದ್ರಷ್ಟ ಉಣ್ತಿದ್ಲು. ದಿನಾ ಡಬ್ಬಿಯಿಂದ ತೆಗಿಯೋದು, ಹಚ್ಚೋದು, ಒಂದೊಂದ ತುತ್ತು ಕೊಡೋದು. ತೆಗದು ತೆಗದು ನಡುವ ಸ್ವಲ್ಪ ಸೀಳಿತ್ತು. ನಮ್ಮ ಪ್ಲೇಯರ್‌ದಾಗ ಓಡ್ತಿತ್ತು. ಹೆಂಗ ಬದಲಾತೋ ನನಗ ಗೊತ್ತಿಲ್ರಿ. ಇಕಿ ಅಪ್ಪ ಅವತ್ತು ನನಗ ಕೈ ಮಾಡಿದ್ರು. ಇವತ್ತಿಗೂ ಕಪಾಟಿನ ಬೀಗದ ಕೈ ನನಗ ಕೊಡಂಗಿಲ್ಲ."

ಹುಡುಗಿ ಶಂಶಾದಳ ಸೆರಗು ಎಳೆದು ನಡುವೆ ಬಾಯಿ ಹಾಕಿದಳು. "ನನಗ ನಮ್ಮವ್ವನ ಒಡಪು ಬರತೈತಿ. ಇಕಿ ಕಲಿಸ್ಯಾಳ. ಹೇಳ್ಲ್ಯಾ?" ಹೇಳಿಯೇಬಿಟ್ಟಳು, ಬಸ್ ನಿಲ್ದಾಣದಲ್ಲಿ, ಕೈಯಲ್ಲಿ ಕಡಲೆಕಾಯಿ ಹಿಡಿದು: "ಹತ್ತಿ ಹಿಂಜೋ ಮನಿಯಾಗ ಹುಟ್ಟೀನಿ, ಭತ್ತ ಬೆಳಿಯೋ ಊರಿಗೆ ಹೊಂಟೀನಿ, ಖಾಜಾಸಾಬರ ಕೈ ಹಿಡದೀನಿ, ಅವ್ವ ಅತ್ತರೂ ಹೋಗ್ತೀನಿ!"

ನಾನು ಏನು ಹೇಳಿದೆ ಎಂದು ಕೇಳುತ್ತೀರಾ? "ಬಸ್ ಬಂತು" ಎಂದೆ. ಆ ಹೆಂಗಸು ನನ್ನೆದುರು — ಜಗತ್ತಿನಲ್ಲಿ ಇನ್ನಾರೂ ಅಲ್ಲ, ನನ್ನೆದುರು — ಆಣೆ ಮಾಡಿ ನಿಂತಿದ್ದಳು. ನಾನು ಬಸ್ ಹತ್ತಿದೆ.

ಆ ಸಂಜೆ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಬಿರುಕು, ಸಪ್ಪಳ, ಹತ್ತಿಯ ಚೀಲ, ಖಾಲಿ ಡಿಸ್ಕು. ಒಂದನ್ನೂ ಬಿಡಲಿಲ್ಲ. ಅವ್ವ ಸೊಪ್ಪು ಸೋಸುತ್ತ ಕೇಳಿದಳು. ಕೈ ನಿಲ್ಲಲಿಲ್ಲ.

"ಅಕಿ ಸಿಕ್ಕಿದ್ಲೇನು ನಿನಗ?" ಎಂದಳು.

"ಸಿಕ್ಕಿದ್ಲು. ಆದ್ರ ಅಕಿ ಹೇಳು ಅಂದಿಲ್ಲವ್ವ. ನಾನೇ ಒಡದೆ."

"ನಿನ್ನ ಮನಸು ಮೆತ್ತಗ. ಅಕಿ ಅತ್ತಾಳ, ನೀ ಕರಗಿದಿ. ಅಕಿನ್ನ ಉಳಿಸಾಕ ನಿನ್ನ ತಲಿ ಮ್ಯಾಲೆ ಯಾಕ ಹೊರ್ತೀ?"

ನಾನು ಒಡಪಿನ ಉಳಿದರ್ಧ ಹೇಳಿದೆ. ಶಂಶಾದ್ ಅದನ್ನು ಕೂಸಿಗೆ ಕಲಿಸಿದ್ದಾಳೆ, ದ್ವೇಷವಿದ್ದವಳು ಕಲಿಸುತ್ತಾಳೇನು ಎಂದೆ. ಅವ್ವನ ಕೈ ಆಗ ನಿಂತಿತು. "ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ. "ಅವ್ವ ಅತ್ತರೂ ಹೋಗ್ತೀನಿ" — ತುಟಿಯಲ್ಲೇ ಅಂದುಕೊಂಡಳು, ಮತ್ತೆ ಮತ್ತೆ. ಕಣ್ಣು ಒರೆಸಿಕೊಂಡು, ಸೊಪ್ಪಿನ ಬುಟ್ಟಿ ಹತ್ತಿರ ಎಳೆದುಕೊಂಡು, "ನೋಡಿದಿ? ಎಲ್ಲಾ ನೋಡಿ ಬಾಯಿಪಾಠ ಮಾಡ್ಕೊಂಡು, ಆಮ್ಯಾಲೆ ನಮಗ ಸಿಗದಂಗ ಮಾಡ್ಯಾಳ" ಎಂದಳು.

ಆಮೇಲೆ ಹಲವು ಸಲ ಹೇಳಿದೆ. ಅಪ್ಪನ ಮುಂದೆಯೂ ಹೇಳಿದೆ. ಅಪ್ಪ ಎದ್ದು ಅಂಗಡಿಗೆ ಹೋದರು, ಆವತ್ತಿನಿಂದ ನನ್ನೊಡನೆ ಮಾತು ಕಡಿಮೆ. ಅವ್ವ ಮಾತ್ರ ನಂಬುತ್ತಿಲ್ಲ. ಚೂರುಗಳಿಲ್ಲ, ಕಂಪ್ಯೂಟರ್ ಗುಜರಿಗೆ ಹೋಗಿದೆ, ತೋರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ. ಇಷ್ಟು ವರ್ಷ ಆ ಹೆಸರಿಗೆ ಹಾಕಿದ ಶಾಪವನ್ನೆಲ್ಲ ಅವ್ವ ಈಗ ಎಲ್ಲಿಡಬೇಕು? ನನ್ನ ಮೇಲೆ ಇಡಲಿ ಎಂದು ಕೂತಿದ್ದೇನೆ. ಅವಳು ಇಡುವುದಿಲ್ಲ. ಉಳಿದ ಮಗಳು ನಾನೊಬ್ಬಳೇ.

ಕಳೆದ ಭಾನುವಾರ ಸಿರುಗುಪ್ಪಕ್ಕೆ ಹೋದೆ. ಭಾವ, ಶಂಶಾದ್ ಇಬ್ಬರೂ ಇದ್ದರು. ನಿಂತುಕೊಂಡೇ ಹೇಳಿದೆ. ಭಾವ ನನ್ನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತರು. ಶಂಶಾದ್ ಅಳಲಿಲ್ಲ, ಬೈಯಲಿಲ್ಲ. ಗಂಡನಿಗೆ, "ಕೇಳಿಸ್ತೇನು?" ಎಂದಳು, ಅಷ್ಟೇ. ಆಮೇಲೆ ನನ್ನನ್ನು ಕೇಳಿದಳು.

"ನಿಮ್ಮವ್ವಗ ಹೇಳೀರೇನು?"

"ಹೇಳೀನಿ."

"ನಂಬಿದ್ರಾ?"

ಅವಳ ಮುಖದಲ್ಲಿ ಏನಿತ್ತೆಂದು ಬರೆಯಲಾರೆ. ರೇಷ್ಮಾ ಬಾಗಿಲ ಹತ್ತಿರ ಬಂದು ನಿಂತಿದ್ದಳು.

"ನಂಬ್ಯಾಳ" ಎಂದೆ.

ಹುಡುಗಿ ಅಂಗಳಕ್ಕೆ ಹಾರಿದಳು. ರಂಜಾನಿಗೆ ಅಜ್ಜಿಯ ಮನೆಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಟೇಲರಿಗೆ ಹಬ್ಬಕ್ಕೆ ಮುಂಚೆಯೇ ಬಟ್ಟೆ ಕೊಡಲು ಹೇಳಬೇಕೆಂದು ಶಂಶಾದ್ ಅಂದಳು. ನಿಮ್ಮವ್ವಗ ಶಾವಿಗಿ ದಪ್ಪ ಇರಬೇಕೋ ಸಣ್ಣ ಇರಬೇಕೋ ಎಂದು ನನ್ನನ್ನು ಕೇಳಿದಳು. ನಾನು ಸಣ್ಣ ಎಂದೆ. ಅದೊಂದು ನಿಜ ಹೇಳಿ ಬಸ್ಸಿಗೆ ಬಂದೆ.

ಈ ಎರಡನೆಯ ಸುಳ್ಳಿಗೆ ಹೆಸರಿಡಲು ನನಗೆ ಬರುವುದಿಲ್ಲ. ಕರುಣೆ ಎಂದು ಕರೆಯಬಾರದು. ಎದುರಿಗಿರುವ ಮುಖ ಬಾಡುವುದನ್ನು ನೋಡಲಾರದ ಅದೇ ಹೇಡಿತನ ಇದು. ಹಬ್ಬ ಹತ್ತಿರ ಬರುತ್ತಿದೆ. ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಸಿರುಗುಪ್ಪಕ್ಕೆ ಹೋಗುತ್ತೇನೆ. ಹುಡುಗಿಯನ್ನು ಹೊರಗೆ ಆಡಲು ಕಳಿಸಿ ಎಂದು ಕೇಳುವುದಿಲ್ಲ. ಅವಳ ಎದುರಿಗೇ ಹೇಳುತ್ತೇನೆ — ನಿನ್ನ ಅಜ್ಜಿ ಬಾಗಿಲು ತೆರೆಯುವುದಿಲ್ಲ ರೇಷ್ಮಾ. ಅದನ್ನು ಮುಚ್ಚಿಸಿದವಳು ನಿನ್ನನ್ನು ಸಾಕಿದವಳಲ್ಲ, ನಾನು.